ಹಳೆ ಗಿಟಾರು, ಹೊಸ ಬಲೆ

2024ರ ಓಣಂ ರಜೆಯ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ನಮ್ಮಲ್ಲೇ ಓದಿದವನು. ಈಗ ಹಗಲು ವಯರಿಂಗ್ ಕೆಲಸಕ್ಕೆ ಹೋಗುತ್ತಾನೆ; ಆದಿತ್ಯವಾರ ಊರಿನ ಇಗರ್ಜಿಯ ಗಾಯನ ತಂಡದಲ್ಲಿ ಗಿಟಾರು ನುಡಿಸುತ್ತಾನೆ. ಹೆಸರು ಬೇಡ. ಜಗಲಿಯಲ್ಲಿ ಕುಳಿತವನು ಮುಂದಿಟ್ಟ ಚಹಾ ತಣ್ಣಗಾಗುವವರೆಗೆ ಮಾತನಾಡಲಿಲ್ಲ. ಕೊನೆಗೆ ಮೊಬೈಲನ್ನು ನಮ್ಮ ಮುಂದೆ ಹಿಡಿದು, “ಸರ್, ಇದು ಸರಿ ಉಂಟಾ ಅಂತ ಒಮ್ಮೆ ನೋಡ್ತೀರಾ?” ಎಂದ.

ನೋಡಿದೆವು. ಹಳೆಯ ಸಾಮಾನುಗಳನ್ನು ಮಾರುವ ಜಾಲತಾಣವೊಂದರ ಜಾಹೀರಾತು. 1968ನೆಯ ಇಸವಿಯ ಗಿಬ್ಸನ್ ಜೆ-45 ಗಿಟಾರು, ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ತಯಾರಾದದ್ದು, ತೀರಿಹೋದ ತಂದೆಯವರ ವಸ್ತು, ವರ್ಗವಾಗಿರುವುದರಿಂದ ಮಾರುತ್ತಿದ್ದೇನೆ, ಬೆಲೆ 22,000 ರೂಪಾಯಿ ಎಂದಿತ್ತು. ಜೊತೆಗೆ ಬಹಳ ಚೆಂದದ ನಾಲ್ಕು ಚಿತ್ರಗಳು. ಮಾರುವವನು ತನ್ನನ್ನು ಸೈನಿಕನೆಂದು ಹೇಳಿಕೊಂಡು, ಸಮವಸ್ತ್ರದ ಭಾವಚಿತ್ರವಿರುವ ಗುರುತು ಚೀಟಿಯನ್ನೂ ಕಳುಹಿಸಿದ್ದ.

“ದುಡ್ಡು ಕೊಟ್ಟಿದ್ದೀಯಾ?” ಎಂದು ಕೇಳಿದೆವು. ಕೊಟ್ಟಿದ್ದ. ಮೊದಲು ಮುಂಗಡವೆಂದು 2,000. ಆಮೇಲೆ ಮಿಲಿಟರಿ ಪಾರ್ಸೆಲಿನ ಸಾಗಾಟವೆಂದು 3,150. ಮರುದಿನ ಜಿಎಸ್‌ಟಿ ಎಂದು, ಗಿಟಾರು ಮುಟ್ಟಿದ ಕೂಡಲೇ ಹಿಂದೆ ಬರುತ್ತದೆಂಬ ಭರವಸೆಯೊಂದಿಗೆ, 6,499. ಒಟ್ಟು 11,649 ರೂಪಾಯಿ. ಈಗ ಇನ್ನೂ 9,000 ಕಳುಹಿಸಿದರೆ ಮಾತ್ರ ಪಾರ್ಸೆಲು ಗೇಟು ದಾಟುವುದಂತೆ. ಹಣವಾದರೂ ಅವನದಲ್ಲ, ತಾಯಿ ಕುಟುಂಬಶ್ರೀ ಸಂಘದಿಂದ ಮನೆಯ ಮಾಡು ರಿಪೇರಿಗೆಂದು ತೆಗೆದ ಸಾಲ. ತಾಯಿಗೆ ಇನ್ನೂ ತಿಳಿದಿರಲಿಲ್ಲ.

ಇಷ್ಟು ಬುದ್ಧಿವಂತ ಹುಡುಗ ಹೇಗೆ ನಂಬಿದ ಎಂದು ಓದುಗರು ಕೇಳಬಹುದು. ನಾವೂ ಕೇಳಿದೆವು. ಅವನ ಉತ್ತರ ಹೀಗಿತ್ತು: “ಅವರು ಕನ್ನಡದಲ್ಲಿ ಮಾತಾಡಿದರು ಸರ್.”

ಈ ಜಿಲ್ಲೆಯಲ್ಲಿ ಬದುಕುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಿದ್ಯುತ್ ಕಚೇರಿಯಲ್ಲಿ ಅಳೆದು ಸುರಿದು ಮಲಯಾಳದಲ್ಲಿ ಮಾತನಾಡಿ ಬಂದವನಿಗೆ, ಗುರುತಿಲ್ಲದ ಒಂದು ಕಂಠ “ನಮಸ್ಕಾರ, ನೀವು ಕನ್ನಡದವರಾ?” ಎಂದು ಕೇಳಿದರೆ ಅರ್ಧ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ನಮ್ಮ ಹುಡುಗ ಮೊದಲ ಸಂದೇಶವನ್ನು ಕನ್ನಡದಲ್ಲಿ ಬರೆದಿದ್ದ. ಆ ಕಡೆಯವನಿಗೆ ಅಷ್ಟೇ ಸಾಕಾಯಿತು. ತಾನು ಹಾಸನ ಕಡೆಯವನು, ಈಗ ಕಣ್ಣೂರಿನಲ್ಲಿದ್ದೇನೆ, ಹತ್ತು ಮಂದಿ ಕೇಳಿದ್ದಾರೆ, ಆದರೂ ನಮ್ಮ ಭಾಷೆಯವರ ಕೈಗೇ ಹೋಗಲಿ ಎಂದು ಆಸೆ ಎಂದನಂತೆ.

ನಾವೇ ಒಮ್ಮೆ ಮಾತನಾಡಿ ನೋಡುವ ಎಂದು ಕರೆ ಮಾಡಿಸಿದೆವು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಎರಡು ನಿಮಿಷ ನಮಗೂ ಮನಸ್ಸು ಕರಗಿತು. ಅವನ ಕನ್ನಡ ಅಷ್ಟು ಸ್ವಚ್ಛವಾಗಿತ್ತು. ಕನ್ನಡ ಮಾಷ್ಟ್ರು ಎಂದು ತಿಳಿದಾಗ “ನಿಮ್ಮಂಥವರಿಂದಲೇ ಅಲ್ಲಿ ಭಾಷೆ ಉಳಿದಿದೆ” ಎಂದೂ ಹೇಳಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಲಾಖೆಯ ಯಾರೂ ಹೇಳದ ಮಾತನ್ನು ಒಬ್ಬ ಠಕ್ಕನ ಬಾಯಿಂದ ಕೇಳಬೇಕಾಯಿತು.

ಆದರೆ ಗಿಟಾರನ್ನು ನೋಡದೆ ಇನ್ನು ಒಂದು ಕಾಸೂ ಇಲ್ಲವೆಂದೆವು. ಇವತ್ತಿನ ಪತ್ರಿಕೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಗಿಟಾರನ್ನಿಟ್ಟು, ದಿನಾಂಕ ಕಾಣುವಂತೆ ಒಂದು ಚಿತ್ರ ತೆಗೆದು ಕಳುಹಿಸಿ ಎಂದೆವು. ಕ್ಯಾಂಪಿಗೆ ಪತ್ರಿಕೆ ಬರುವುದಿಲ್ಲವೆಂದ. ಹಾಗಾದರೆ ಒಂದು ಕಾಗದದ ಚೂರಿನಲ್ಲಿ ನಮ್ಮ ಹುಡುಗನ ಹೆಸರನ್ನು ಕನ್ನಡದಲ್ಲಿ ಬರೆದು ತಂತಿಗಳ ನಡುವೆ ಸಿಕ್ಕಿಸಿ ಎಂದೆವು. ಅರ್ಧ ಗಂಟೆಯ ನಂತರ ಚಿತ್ರ ಬಂತು. ಮೊದಲಿನದೇ ಚಿತ್ರ, ಅದೇ ಬೆಳಕು, ಅದೇ ಕುರ್ಚಿ. ಕಾಗದವೇನೋ ಇತ್ತು, ಆದರೆ ತಂತಿಗಳು ಅದರ ಮೇಲಿನಿಂದಲೂ ಹೋಗಿರಲಿಲ್ಲ, ಕೆಳಗೆ ನೆರಳೂ ಬಿದ್ದಿರಲಿಲ್ಲ. ಹೆಸರು ಪೆನ್ನಿನಿಂದ ಬರೆದದ್ದಲ್ಲ, ಅಚ್ಚಿನ ಅಕ್ಷರ. ವಿಡಿಯೋ ಕರೆಯಲ್ಲಿ ಬಂದು ಒಮ್ಮೆ ತಂತಿ ಮೀಟಿ ತೋರಿಸಿ ಎಂದಾಗ ಕರೆ ತುಂಡಾಯಿತು. ಮತ್ತೆ ಆ ನಂಬರು ಎತ್ತಲಿಲ್ಲ.

ಇಂದು ಕಂಪ್ಯೂಟರು ಇಲ್ಲದ ಚಿತ್ರವನ್ನೂ ಸೃಷ್ಟಿಸಿ ಕೊಡುತ್ತದೆ. ಆದುದರಿಂದ ಚಿತ್ರವೊಂದನ್ನೇ ನೆಚ್ಚಬಾರದು. ವಿಡಿಯೋದಲ್ಲಿ ಗಿಟಾರನ್ನು ತಿರುಗಿಸಿಸಿ, ಬೆನ್ನು ತೋರಿಸಿ ಎನ್ನಬೇಕು, ಬಿರಡೆಗಳನ್ನು ತಿರುಗಿಸಿ ಎನ್ನಬೇಕು. ವಸ್ತು ನಿಜವಾಗಿ ಕೈಯಲ್ಲಿರುವವನಿಗೆ ಇದು ಐದು ನಿಮಿಷದ ಕೆಲಸ.

ಆ ರಾತ್ರಿ ಹುಡುಗನನ್ನು ಕೂರಿಸಿಕೊಂಡು ಜಾಹೀರಾತನ್ನು ಪಾಠ ಓದುವ ಹಾಗೆ ಸಾಲು ಸಾಲಾಗಿ ಓದಿದೆವು. ಗಿಟಾರಿನ ವಿಚಾರ ನಮಗೆ ಗೊತ್ತಿದ್ದುದು ಅಷ್ಟಕ್ಕಷ್ಟೆ. ಅವನೂ ನಾವೂ ಹುಡುಕುತ್ತ ಕಲಿತೆವು. ಮೊದಲನೆಯದಾಗಿ, 1968ರಲ್ಲಿ ಗಿಬ್ಸನ್ ಗಿಟಾರುಗಳು ತಯಾರಾಗುತ್ತಿದ್ದುದು ಮಿಶಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ. ನ್ಯಾಶ್‌ವಿಲ್ಲಿನ ಕಾರ್ಖಾನೆ ತೆರೆದುದೇ 1970ರ ದಶಕದ ನಡುವಿನಲ್ಲಿ. ಕಲಮಜೂ ಕಾರ್ಖಾನೆಗೆ ಗಿಬ್ಸನ್ ಬೀಗ ಹಾಕಿದುದು 1984ರಲ್ಲಿ. ಎಂದ ಮೇಲೆ ಜಾಹೀರಾತಿನ ಮೊದಲ ಸಾಲೇ ಸುಳ್ಳು.

ಎರಡನೆಯದು ಅದರ ನಂಬರು. ಗಿಟಾರಿನ ತಲೆಯ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದು ಕ್ರಮಸಂಖ್ಯೆ ಒತ್ತಿರುತ್ತಾರೆ. ಹುಡುಗ ಕೇಳಿದಾಗ ಅವನು ಅದರ ಚಿತ್ರವನ್ನೂ ಕಳುಹಿಸಿದ್ದ. ಅಲ್ಲಿ ಎಂಟು ಅಂಕೆಗಳಿದ್ದವು, ಕೆಳಗೆ ಅಮೆರಿಕದಲ್ಲಿ ತಯಾರಾದುದೆಂಬ ಮುದ್ರೆ. ಗಿಬ್ಸನ್ ಕಂಪೆನಿ ಆ ಮುದ್ರೆಯನ್ನು ತಲೆಯ ಹಿಂದೆ ಒತ್ತಲು ತೊಡಗಿದುದು 1970ರಿಂದ. ಎಂಟು ಅಂಕೆಗಳ ಕ್ರಮ ಬಂದುದು 1977ರಲ್ಲಿ. ಅದನ್ನು ಓದುವುದಕ್ಕೂ ಒಂದು ಕ್ರಮವಿದೆ: ಮೊದಲನೆಯ ಮತ್ತು ಐದನೆಯ ಅಂಕೆ ಸೇರಿದರೆ ಇಸವಿ, ನಡುವಿನ ಮೂರು ಅಂಕೆಗಳು ವರ್ಷದ ಎಷ್ಟನೆಯ ದಿನವೆಂಬ ಲೆಕ್ಕ. ನಮ್ಮ ಚಿತ್ರದಲ್ಲಿ ಮೊದಲನೆಯದು 9, ಐದನೆಯದು 3. ಅಂದರೆ 1993. ಯಾರದೋ 1993ರ ಗಿಟಾರಿನ ತಲೆಯನ್ನು ಇನ್ನಾರದೋ ಗಿಟಾರಿನ ಮುಂಡಕ್ಕೆ ಜೋಡಿಸಿ ಕಳುಹಿಸಿದ್ದ ಮಹಾನುಭಾವ! ಮಾರ್ಟಿನ್ ಎಂಬ ಇನ್ನೊಂದು ಹೆಸರಾಂತ ಕಂಪೆನಿಯ ಗಿಟಾರುಗಳಿಗೆ 1898ರಿಂದಲೂ ಸಾಲಾಗಿ ನಂಬರು ಬಿದ್ದಿದ್ದು, ಯಾವ ವರ್ಷ ಯಾವ ನಂಬರಿನವರೆಗೆ ಎಂಬ ಪಟ್ಟಿ ಯಾರಿಗೂ ನೋಡಲು ಸಿಗುತ್ತದೆ. ನಂಬರಿನ ಚಿತ್ರ ಕೊಡಲು ಒಲ್ಲೆನೆನ್ನುವವನ ಬಳಿ ಮಾತು ಬೆಳೆಸುವುದೇ ಬೇಡ.

ಚಿತ್ರಗಳ ಮೂಲವೂ ಸಿಕ್ಕಿತು. ಗೂಗಲ್ ಲೆನ್ಸಿನಲ್ಲಿ ಚಿತ್ರವನ್ನು ಹಾಕಿದರೆ ಅದು ಬೇರೆಲ್ಲಿ ಕಾಣಿಸಿಕೊಂಡಿದೆ ಎಂದು ತೋರಿಸುತ್ತದೆ. ನಾಲ್ಕರಲ್ಲಿ ಮೂರು ಚಿತ್ರಗಳು ಅಮೆರಿಕದ ಒಂದು ಅಂಗಡಿಯ ಹಳೆಯ ಜಾಹೀರಾತಿನಿಂದ ಎತ್ತಿದವು. ಅಂಗಡಿಯ ಹೆಸರಿದ್ದ ಮೂಲೆಯನ್ನು ಕತ್ತರಿಸಿದ್ದುದರಿಂದಲೇ ಗಿಟಾರಿನ ಒಂದು ಬದಿ ಚಿತ್ರದಿಂದ ಹೊರಗೆ ಹೋಗಿತ್ತು. ಮೊದಲು ನೋಡಿದಾಗ ಅದು ನಮಗೆ ಹೊಳೆದಿರಲಿಲ್ಲ.

ಇನ್ನು ಬೆಲೆ. ಆ ವರ್ಷಗಳ ಜೆ-45 ಗಿಟಾರು ಅಮೆರಿಕದಲ್ಲೇ ಎರಡು ಸಾವಿರ ಡಾಲರಿಗಿಂತ ಕೆಳಗೆ ಸಿಗುವುದು ಅಪರೂಪ. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ದಾಟಿತು. ರಿವರ್ಬ್ ಎಂಬ ತಾಣದಲ್ಲಿ ಹಳೆಯ ವಾದ್ಯಗಳು ಎಷ್ಟಕ್ಕೆ ಹೋದವು ಎಂದು ನೋಡಬಹುದು. ಮಾರುವವನು ಕೇಳಿದ ಬೆಲೆಯಲ್ಲ, ಮಾರಾಟವಾದ ಬೆಲೆ ಮುಖ್ಯ. 1958ರಿಂದ 1960ರವರೆಗಿನ ಕೆಲವು ಗಿಬ್ಸನ್ ಲೆಸ್ ಪಾಲ್ ಗಿಟಾರುಗಳಿಗೆ ಲಕ್ಷಗಟ್ಟಲೆ ಡಾಲರು ಕೊಡುವವರಿದ್ದಾರೆ. ಫೆಂಡರ್ ಕಂಪೆನಿಯನ್ನು 1965ರಲ್ಲಿ ಸಿಬಿಎಸ್ ಸಂಸ್ಥೆ ಕೊಂಡಿತು. ಅದಕ್ಕೂ ಹಿಂದಿನ ಫೆಂಡರುಗಳಿಗೆ ಇಂದಿಗೂ ಹೆಚ್ಚಿನ ಬೆಲೆ. ಇಷ್ಟು ದುಡ್ಡು ಓಡಾಡುವಲ್ಲಿ ಬೆಲ್ಲಕ್ಕೆ ಇರುವೆ ಬಂದಂತೆ ಮೋಸಗಾರರೂ ಬರುತ್ತಾರೆ.

ಹಳೆಯದಕ್ಕೆ ಏಕಿಷ್ಟು ಬೆಲೆ? ಒಂದು ಕಾರಣ ಮರ. ಮಾರ್ಟಿನ್ ಕಂಪೆನಿಯ ಉತ್ತಮ ಗಿಟಾರುಗಳ ಬೆನ್ನು ಮತ್ತು ಪಕ್ಕಗಳಿಗೆ ಬ್ರೆಜಿಲಿನ ಬೀಟೆ ಮರವನ್ನು ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1969ರ ಸುಮಾರಿಗೆ, ಅವರು ಭಾರತದ ಬೀಟೆಗೆ ತಿರುಗಿದರು. ನಮ್ಮ ಮಲೆನಾಡಿನಲ್ಲೂ ವಯನಾಡಿನಲ್ಲೂ ಬೆಳೆಯುವ ಅದೇ ಬೀಟೆ! 1992ರಿಂದ ಬ್ರೆಜಿಲ್ ಬೀಟೆಯ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಬಿಗಿಯಾದ ನಿರ್ಬಂಧವಿದೆ. ಅಂಥ ಹಳೆಯ ಗಿಟಾರು ದೇಶದ ಗಡಿ ದಾಟಬೇಕಾದರೂ ಪರವಾನಿಗೆ ಬೇಕು. ‘ವಿದೇಶದಿಂದ ಕಳುಹಿಸುತ್ತೇವೆ, ಕಾಗದಪತ್ರ ಯಾವುದೂ ಬೇಡ’ ಎನ್ನುವ ಜಾಹೀರಾತನ್ನು ಕಂಡರೆ ಇದನ್ನು ನೆನಪಿಡುವುದು ಒಳ್ಳೆಯದು.

ಹುಡುಗ ಇನ್ನೊಂದು ಸಂಗತಿ ಹೇಳಿದ. ಕಲ್ಕತ್ತೆಯಲ್ಲಿ ‘ಗಿವ್ಸನ್’ ಎಂಬ ಹೆಸರಿನ ಗಿಟಾರುಗಳು ತಯಾರಾಗುತ್ತವೆ. ನಮ್ಮ ದೇಶದಲ್ಲಿ ಕಡಿಮೆ ಬೆಲೆಗೆ ಗಿಟಾರು ಕಲಿತ ಎಷ್ಟೋ ಮಂದಿಯ ಕೈಗೆ ಮೊದಲು ಬಂದುದು ಅದುವೇ. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಮಬ್ಬಾದ ಚಿತ್ರದಲ್ಲಿ ಒಂದು ಅಕ್ಷರದ ವ್ಯತ್ಯಾಸ ಕಾಣಿಸದು. ಅದನ್ನೇ ‘ಗಿಬ್ಸನ್’ ಎಂದು ಬರೆದು ಮಾರುವವರೂ ಇದ್ದಾರಂತೆ. ಗಿಟಾರಿನ ತಲೆಯ ಮೇಲಿನ ಹೆಸರನ್ನು ಹತ್ತಿರದಿಂದ ತೆಗೆದು ಕಳುಹಿಸಲು ಹೇಳಬೇಕೆಂಬುದು ಅವನ ಮಾತು.

ಹಣದ ವಿಚಾರಕ್ಕೆ ಬರೋಣ. ಇದು ಗಿಟಾರಿಗೆ ಮಾತ್ರವಲ್ಲ, ಹಳೆಯ ಸ್ಕೂಟರಿಗೂ ಫ್ರಿಜ್ಜಿಗೂ ಒಂದೇ. ಮೊಬೈಲಿನ ಯುಪಿಐಯಲ್ಲಿ ಗುಟ್ಟಿನ ಪಿನ್ ಸಂಖ್ಯೆ ಒತ್ತಬೇಕಾದುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಡ, ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡುವುದೂ ಬೇಡ. ‘ಹಿಂದಿರುಗಿಸುವ ಹಣ ಇದರಲ್ಲಿ ಬರುತ್ತದೆ, ಸ್ಕ್ಯಾನ್ ಮಾಡಿ’ ಎಂದು ಚೌಕವೊಂದನ್ನು ಕಳುಹಿಸಿದರೆ ಅದು ಮತ್ತೊಮ್ಮೆ ಕಿಸೆಗೆ ಕೈ ಹಾಕುವ ಉಪಾಯ. ನಮ್ಮ ಹುಡುಗನ 6,499 ಹೋದುದು ಹೀಗೆಯೇ. ಮೊದಲು ಸಣ್ಣ ಮೊತ್ತ, ಆಮೇಲೆ ಅದನ್ನು ಉಳಿಸಿಕೊಳ್ಳಲು ಇನ್ನೊಂದು, ಅದನ್ನು ಉಳಿಸಿಕೊಳ್ಳಲು ಮತ್ತೊಂದು. ಮೂರನೆಯ ಬಾರಿ ಕೊಡುವಾಗಲೇ ಅವನಿಗೆ ಅನುಮಾನ ಬಂದಿತ್ತು. ಆದರೂ ಕೊಟ್ಟ. ಅಷ್ಟರಲ್ಲಿ 5,150 ಆ ಕಡೆ ಹೋಗಿತ್ತಲ್ಲ! ಸೈನಿಕರ ವೇಷದ ಈ ಆಟ ದೇಶದಲ್ಲೆಲ್ಲ ನಡೆದಿದೆ; ಆ ಗುರುತು ಚೀಟಿಯೂ ಯಾರೋ ಪಾಪದವರಿಂದ ಕದ್ದುದಿರಬಹುದು.

ಅಂದೇ ರಾತ್ರಿ 1930ಕ್ಕೆ ಕರೆ ಮಾಡಿಸಿದೆವು. ಸೈಬರ್ ವಂಚನೆಗಾಗಿ ಇಡೀ ದೇಶಕ್ಕೆ ಇರುವ ಸಹಾಯವಾಣಿ ಅದು. ಎಷ್ಟು ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗಳಿಗೆ ಜಾರುವ ಮೊದಲು ತಡೆಯಲು ಅಷ್ಟು ಅವಕಾಶ. ಹಣ ಹೋದ ಸಮಯ, ಮೊತ್ತ, ವ್ಯವಹಾರದ ಸಂಖ್ಯೆ ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಬೇಕು. ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ನಮ್ಮ ಹುಡುಗ ಗುರುತು ಚೀಟಿಯ ಚಿತ್ರವನ್ನು ಅಳಿಸಿಬಿಟ್ಟಿದ್ದ.

ಮರುದಿನ ಠಾಣೆಗೆ ಹೋಗುವಾಗ ಅವನಿಗೆ ಇನ್ನೊಂದು ಅಳುಕು. “ಮಲಯಾಳದಲ್ಲಿ ಬರೀಲಿಕ್ಕೆ ನನಗೆ ಬರುವುದಿಲ್ಲ ಸರ್” ಎಂದ. ಎಷ್ಟೋ ಮಂದಿ ನಮ್ಮವರು ದೂರು ಕೊಡದೆ ಸುಮ್ಮನಾಗುವುದು ಇದೊಂದೇ ಕಾರಣಕ್ಕೆ. ಸಂವಿಧಾನದ 350ನೆಯ ವಿಧಿಯಂತೆ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಹೇಳುತ್ತದೆ. ದೂರನ್ನು ಕನ್ನಡದಲ್ಲೇ ಎರಡು ಪುಟ ಬರೆಯಿಸಿ ಒಯ್ದೆವು. ಮೊದಲು ತುಸು ಗೊಣಗಾಟ ಕೇಳಬೇಕಾಯಿತು, ಅನಂತರ ತೆಗೆದುಕೊಂಡರು. ರಶೀದಿ ಕೇಳಿ ಪಡೆದೆವು.

ಕೊನೆಗೆ ಕಳುಹಿಸಿದ 6,499 ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿತು. ಅದು ಹುಡುಗನ ಕೈಗೆ ಬರಲು ನ್ಯಾಯಾಲಯದ ಅಪ್ಪಣೆಯಾಗಿ ಏಳು ತಿಂಗಳು ಬೇಕಾದವು. ಉಳಿದ 5,150 ಹೋಯಿತು. ತಾಯಿಗೆ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಆಕೆ ಬೈಯಲಿಲ್ಲ. “ಕನ್ನಡದವನೇ ಹೀಗೆ ಮಾಡಿದನಾ ಮಾಷ್ಟ್ರೇ?” ಎಂದು ಎರಡು ಸಲ ಕೇಳಿದರು.

ಅದೇ ನವೆಂಬರಿನಲ್ಲಿ ಹುಡುಗ ಮತ್ತೊಂದು ಜಾಹೀರಾತನ್ನು ತೋರಿಸಿದ. ಈ ಬಾರಿ ಮಂಗಳೂರಿನದು, ಹಿಂದೆ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಒಬ್ಬ ಹಿರಿಯರದು. ಗಿವ್ಸನ್ ಎಂದೇ ಬರೆದಿದ್ದರು, ಬೆಲೆ 3,500. ಮುಂಗಡ ಕೇಳಲಿಲ್ಲ, ಬಂದು ನೋಡಿ ಎಂದರು. ರೈಲಿನಲ್ಲಿ ಇಬ್ಬರೂ ಹೋದೆವು. ಅವರೇ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕತ್ತು ಬಾಗಿಲ್ಲವೆಂದು ತೋರಿಸಿದರು. ತಂತಿಗಳನ್ನು ಹಿಡಿದಿಡುವ ಕೆಳಗಿನ ಪಟ್ಟಿ ಮಳೆಗಾಲದ ತೇವಕ್ಕೆ ಒಂದು ಕಡೆ ಸ್ವಲ್ಪ ಎದ್ದಿತ್ತು. ಅದನ್ನೂ ಬೆರಳಿಟ್ಟು ತೋರಿಸಿ, ಅಂಟು ಹಾಕಿಸಬೇಕೆಂದು ಹೇಳಿ 300 ರೂಪಾಯಿ ಇಳಿಸಿದರು. ದುಡ್ಡು ಎಣಿಸಲು ಹೊರಟಾಗ ತಡೆದು, “ಮೊದಲು ನುಡಿಸು, ಆಮೇಲೆ ದುಡ್ಡು” ಎಂದರು. ಹುಡುಗ ಅಲ್ಲೇ ಚಾವಡಿಯಲ್ಲಿ ಕುಳಿತು ಅರ್ಧ ಗಂಟೆ ನುಡಿಸಿದ. ನಾವು ಮರಳಿ ಬರುವ ರೈಲು ತಪ್ಪಿಹೋಯಿತು.