ಬಿಸಿಲಿಗೆ ಜಗ್ಗದ, ಚಳಿಗೆ ಮುದುಡುವ ಹಡಗಲಿ ಮಲ್ಲಿಗೆ

ಹರಪನಹಳ್ಳಿ ಸಮುದ್ರಮಟ್ಟದಿಂದ ಸುಮಾರು 630 ಮೀಟರ್ ಎತ್ತರದಲ್ಲಿದೆ. ಬೆಟ್ಟದ ಊರು ಎಂದು ಹೇಳಿಕೊಳ್ಳುವ ಎತ್ತರವೇನಲ್ಲ. ಸಮೀಪದ ಬಾಗಳಿಗೆ ಬರುವವರು ಕಲ್ಲೇಶ್ವರ ಗುಡಿಗಾಗಿ ಬರುತ್ತಾರೆ. ಚಾಲುಕ್ಯ ಇಮ್ಮಡಿ ತೈಲಪನ ಕಾಲದಲ್ಲಿ, 987ರಲ್ಲಿ ದುಗ್ಗಿಮಯ್ಯ ಕಟ್ಟಿಸಿದನೆಂದು ಶಾಸನವಿರುವ ಗುಡಿ ಅದು. ಅದರ ಐವತ್ತು ಕಂಬಗಳ ಮಂಟಪದ ನೆರಳು ಬೇಸಿಗೆ ಮಧ್ಯಾಹ್ನದಲ್ಲಿ ಎಷ್ಟು ಹಿತವೆಂಬುದು ಆ ಸೀಮೆಯ ಬಿಸಿಲು ಕಂಡವರಿಗೆ ಗೊತ್ತು. ಅದೇ ಬಿಸಿಲಿನ ಸೀಮೆಯಲ್ಲಿ ನಾಡಿನ ಹೆಸರಾಂತ ಮಲ್ಲಿಗೆಗಳಲ್ಲೊಂದು ಬೆಳೆಯುತ್ತದೆ. ಪಕ್ಕದ ತಾಲ್ಲೂಕು ಹೂವಿನಹಡಗಲಿಯ ಹೆಸರಿನ ಮೊದಲಲ್ಲೇ ಹೂವಿದೆ.

ಇಲ್ಲಿನ ಹೂ ಹಡಗಿನಲ್ಲಿ ಹಂಪೆಗೆ ಹೋಗುತ್ತಿತ್ತು, ಆ ಹೆಸರು ಬಂದದ್ದು ಹಾಗೆ ಎಂದು ಊರವರು ಹೇಳುತ್ತಾರೆ. ತುಂಗಭದ್ರೆ ಹರಿಯುವುದೂ ಹಂಪೆಯ ಕಡೆಗೇ. ಹಾಗಾಗಿ ಕತೆಯನ್ನು ತಳ್ಳಿಹಾಕಲು ಮನಸ್ಸಾಗದು. ಹೂ ಬಾಡದೆ ತಲುಪುತ್ತಿತ್ತೇ ಎಂದು ಮಾತ್ರ ಕೇಳಬಾರದು! ಈಗಿನ ಗುರುತು ಸರ್ಕಾರಿ ಕಾಗದದ್ದು: 2007–08ರ ಸಾಲಿನಲ್ಲಿ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜೊತೆಗೇ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಹೂಗಿಡ ಗಟ್ಟಿಯೋ ನಾಜೂಕೋ ಎಂದು ನೆಲ ನೋಡದೆ ಹೇಳಲಾಗದು. 2,637 ಮೀಟರ್ ಎತ್ತರದ ದೊಡ್ಡಬೆಟ್ಟವಿರುವ ನೀಲಗಿರಿಯನ್ನೇ ನೋಡಿ. ಅಲ್ಲಿ ಊಟಿಯ ಫರ್ನ್‌ಹಿಲ್‌ನಲ್ಲಿ ಕರ್ನಾಟಕದ ತೋಟಗಾರಿಕೆ ಇಲಾಖೆಯದೇ ಉದ್ಯಾನವಿದೆ. ಅಲ್ಲಿನ ಮಾಲಿಗಳ ಚಿಂತೆ ಹಿಮದ್ದು. ಡಿಸೆಂಬರ್–ಜನವರಿಯಲ್ಲಿ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ಭಾರವಾದ ತಣ್ಣನೆ ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ. ಎಲೆಯೊಳಗಿನ ನೀರು ಗಡ್ಡೆಕಟ್ಟಿ ಜೀವಕೋಶ ಒಡೆಯುತ್ತದೆ. ಬಿಸಿಲೇರಿದಾಗ ಎಲೆ ಸುಟ್ಟಂತೆ ಕಪ್ಪಾಗಿರುತ್ತದೆ. ಪ್ಯಾನ್ಸಿ ಅಷ್ಟಿಷ್ಟು ತಡೆದೀತು, ಡೇಲಿಯಾ ತಡೆಯದು. ಅದಕ್ಕೇ ಎಳೆ ಗಿಡಗಳಿಗೆ ಸಂಜೆಯೇ ಸೊಪ್ಪಿನ ಹೊದಿಕೆ, ಹುಲ್ಲುಹಾಸಿಗೆ ಬೆಳಗಿನ ನೀರು. ಆ ಪ್ಯಾನ್ಸಿಯನ್ನು ತಂದು ಹಡಗಲಿಯ ಏಪ್ರಿಲ್‌ಗೆ ಕೊಟ್ಟರೆ ವಾರವೂ ಬಾಳಲಾರದು.

ಮಲ್ಲಿಗೆಯ ಲೆಕ್ಕ ಉಲ್ಟಾ. ನೀರೊಂದು ಸಿಕ್ಕರೆ ಸಾಕು, ಬಿಸಿಲು ಏರಿದಷ್ಟೂ ಮೊಗ್ಗು. ಅದಕ್ಕೆ ಆಗದಿರುವುದು ಚಳಿ. ಬಯಲುಸೀಮೆಯ ಚಳಿಯಲ್ಲಿ ಹಿಮ ಬೀಳುವುದಿಲ್ಲ, ಆದರೂ ಹೂ ಇಳಿದುಬಿಡುತ್ತದೆ. ಬೆಳೆಗಾರರು ಈ ಬಿಡುವನ್ನೇ ಬಳಸಿಕೊಂಡು ನೀರು ಕಡಿಮೆ ಮಾಡಿ, ಗಿಡ ಒಣಗಿಸಿ, ಕೊಂಬೆ ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಡುತ್ತಾರೆ. ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಕತ್ತರಿಗೆ ಹಿಂಜರಿದವರಿಗೆ ಬೇಸಿಗೆಯಲ್ಲಿ ಬರೀ ಸೊಪ್ಪು. ಹೂ ಇಲ್ಲದ ಈ ದಿನಗಳಲ್ಲೇ ಸಂತೆಯಲ್ಲಿ ದರ ಏರಿರುತ್ತದೆ. ಹೂ ರಾಶಿ ಬಿದ್ದಾಗ ದರ ನೆಲ ಕಚ್ಚುತ್ತದೆ. ಚಳಿಗಾಲದಲ್ಲಿ ಮಲ್ಲಿಗೆಯ ಜಾಗ ತುಂಬುವುದು ಕಾಕಡಾ ಹೂ. ಅದಕ್ಕೆ ಪರಿಮಳ ಕಡಿಮೆ, ಮುಡಿಯುವವರು ಮೂಗು ಮುರಿಯುತ್ತಾರೆ, ಆದರೂ ಕೊಳ್ಳುತ್ತಾರೆ. ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಸೇವಂತಿಗೆಯದೂ ಅದೇ ಕಾಲ.

ನನ್ನ ದೃಷ್ಟಿಯಲ್ಲಿ ಹಡಗಲಿ ಮಲ್ಲಿಗೆಗೆ ಬಿಸಿಲಿಗಿಂತ ದೊಡ್ಡ ಪರೀಕ್ಷೆ ಗಡಿಯಾರದ್ದು. ಸೂರ್ಯ ಏಳುವ ಮೊದಲೇ ಬಿರಿಯದ ಮೊಗ್ಗನ್ನು ಒಂದೊಂದಾಗಿ ಬಿಡಿಸಬೇಕು. ಈ ಕೆಲಸಕ್ಕೆ ಯಂತ್ರವಿಲ್ಲ, ಬೇಕಿರುವುದು ಮನೆಮಂದಿಯ, ಕೂಲಿ ಹೆಂಗಸರ ಬೆರಳು. ತಡವಾದರೆ ಮೊಗ್ಗು ಗಿಡದಲ್ಲೇ ಅರಳುತ್ತದೆ, ಅರಳಿದ್ದಕ್ಕೆ ಮಾಲೆಯ ಪೇಟೆಯಲ್ಲಿ ಬೆಲೆಯಿಲ್ಲ. ಬೆಳೆಗಾರ ಮಾರುವುದು ತೂಕದಲ್ಲಿ. ಕಟ್ಟಿದ ಮೇಲೆ ಅದು ಮೊಳ, ಮಾರಿನ ಲೆಕ್ಕ.

1997ರಲ್ಲಿ ದಾವಣಗೆರೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿದ್ದ ಹರಪನಹಳ್ಳಿ 2021ರಿಂದ ಹಡಗಲಿಯೊಂದಿಗೇ ವಿಜಯನಗರ ಜಿಲ್ಲೆಯಲ್ಲಿದೆ. ಬಾಗಳಿಯ ಗುಡಿ, ಹಡಗಲಿಯ ಕೇಶವ ದೇವಾಲಯ ಎರಡನ್ನೂ ಒಂದೇ ದಿನ ನೋಡಬಹುದು. ಮಲ್ಲಿಗೆಯನ್ನೂ ನೋಡಬೇಕೆಂದರೆ ಬೇಸಿಗೆಯಲ್ಲೇ ಬನ್ನಿ, ಹಿಂದಿನ ರಾತ್ರಿಯೇ ಹಡಗಲಿಯಲ್ಲಿ ಉಳಿದುಕೊಳ್ಳಿ. ಬೆಳಗ್ಗೆ ಎಂಟಕ್ಕೆ ತೋಟ ತಲುಪಿದವರಿಗೆ ಕಾಣುವುದು ಬರೀ ಹಸಿರು ಗಿಡ.