ಮೂಲೆ ರೂಮಿಗೂ ಹಾಡು ತಲುಪಲಿ: ಹಂಚಿಕೊಂಡ ಮನೆಗೆ ಎರಡನೇ ವೈಫೈ ರೌಟರ್

ಕೊಪ್ಪಳದ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, ಗಿಣಿಗೇರಾದ ಉಕ್ಕಿನ ಕಾರ್ಖಾನೆ ಮತ್ತು ಭಾನಾಪುರದ ಆಟಿಕೆ ಕಾರ್ಖಾನೆಯ ನೌಕರರು, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ಲೆಕ್ಕ ಬರೆಯುವವರು, ಕುಷ್ಟಗಿ, ಯಲಬುರ್ಗಾ ಕಡೆ ವರ್ಗವಾಗಿ ಬಂದ ಶಿಕ್ಷಕರು. ಇವರಲ್ಲಿ ಬಹಳ ಮಂದಿ ಒಂದು ಮನೆಯನ್ನು ನಾಲ್ಕೈದು ಜನ ಸೇರಿ ಬಾಡಿಗೆಗೆ ಹಿಡಿದಿರುತ್ತಾರೆ. ಮನೆಗೆಲ್ಲ ಸೇರಿ ಒಂದೇ ಇಂಟರ್ನೆಟ್ ಸಂಪರ್ಕ. ಅದರ ಪೆಟ್ಟಿಗೆ ಇರುವುದು ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಕುಳಿತವರಿಗೆ ಎಲ್ಲವೂ ಸರಾಗ. ಹಿಂದಿನ ರೂಮಿನವರು ಮಾತ್ರ ಭೀಮಸೇನ ಜೋಶಿಯವರ ಒಂದು ಗಂಟೆಯ ರಾಗ ಹಚ್ಚಿದರೆ ಆಲಾಪ ಮುಗಿಯುವಷ್ಟರಲ್ಲಿ ನಾಲ್ಕು ಸಲ ನಿಂತಿರುತ್ತದೆ.

ಆಗ ಹೆಚ್ಚಿನವರು ಮಾಡುವ ಕೆಲಸ, ಇನ್ನೂ ದುಬಾರಿ ಪ್ಲಾನ್ ತೆಗೆದುಕೊಳ್ಳುವುದು. ದಯವಿಟ್ಟು ಆ ದುಡ್ಡು ಖರ್ಚು ಮಾಡಬೇಡಿ. ಹಾಡಿಗೆ ಬೇಕಿರುವುದು ವೇಗವಲ್ಲ, ಕಡಿದುಹೋಗದ ಸಿಗ್ನಲ್. ಅದನ್ನು ಕೊಡುವುದು ಎರಡನೇ ರೌಟರ್.

ಹಾಡಿಗೆ ಎಷ್ಟು ವೇಗ ಬೇಕು?

ಲೆಕ್ಕ ಸರಳ. ಸ್ಪಾಟಿಫೈನಂಥ ಆ್ಯಪ್‌ನಲ್ಲಿ ಸಾಮಾನ್ಯ ಗುಣಮಟ್ಟದ ಹಾಡು ಸೆಕೆಂಡಿಗೆ 96 ಕಿಲೋಬಿಟ್ ಎಳೆದುಕೊಳ್ಳುತ್ತದೆ. ತುಂಬಾ ಚೆನ್ನಾಗಿ ಕೇಳಬೇಕೆಂದು 320 ಕಿಲೋಬಿಟ್ ಇಟ್ಟರೂ ಗಂಟೆಗೆ ಆಗುವುದು 144 ಎಂಬಿ. ಸಣ್ಣ ಫೈಬರ್ ಪ್ಲಾನ್ ಎಂದರೂ ಇವತ್ತು ಸಾಮಾನ್ಯವಾಗಿ 30 ಎಂಬಿಪಿಎಸ್ ಇರುತ್ತದೆ, ಅಂದರೆ ಸೆಕೆಂಡಿಗೆ 30,000 ಕಿಲೋಬಿಟ್. ಮನೆಯಲ್ಲಿ ಎಂಟು ಜನ ಒಟ್ಟಿಗೆ ಉತ್ತಮ ಗುಣಮಟ್ಟದ ಹಾಡು ಕೇಳಿದರೂ ಮೂರು ಎಂಬಿಪಿಎಸ್ ಮುಟ್ಟುವುದಿಲ್ಲ.

ಡೇಟಾ ಮುಗಿದೀತೇ? ಅದೂ ಇಲ್ಲ. ಐದು ಜನ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಡೀ ಕೇಳಿದರೆ 173 ಜಿಬಿ ಆಗುತ್ತದೆ. ಹಲವು ಫೈಬರ್ ಪ್ಲಾನುಗಳ ತಿಂಗಳ ಮಿತಿ 3,300 ಜಿಬಿ. ಆದರೆ ಹಾಡನ್ನು ಯೂಟ್ಯೂಬ್‌ನಲ್ಲಿ ವಿಡಿಯೊ ಸಮೇತ ಹಚ್ಚಿದರೆ ಲೆಕ್ಕ ಬೇರೆ. ಒಳ್ಳೆಯ ಗುಣಮಟ್ಟದ ವಿಡಿಯೊ ಬರೀ ಹಾಡಿನ ಹತ್ತು ಪಟ್ಟು ಡೇಟಾ ತಿನ್ನುತ್ತದೆ. ಬರೀ ಕೇಳುವುದಾದರೆ ವಿಡಿಯೊದ ಗುಣಮಟ್ಟ ಇಳಿಸಿಕೊಳ್ಳಿ.

ಹಾಗಾದರೆ ಹಾಡು ನಿಲ್ಲುವುದೇಕೆ?

ಗೋಡೆಯಿಂದ. ವೈಫೈ ರೇಡಿಯೊ ಅಲೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಹೊಸ ಮನೆಗಳಿಗೆ ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ. ಅಲೆ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ನಡುವೆ ಕಬ್ಬಿಣದ ಟ್ರೆಜರಿಯೋ ನೀರಿನ ಟಾಕಿಯೋ ಇದ್ದರೆ ಇನ್ನೂ ಸೊರಗುತ್ತದೆ.

ವೈಫೈನಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿ ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಹಾಡಿಗೆ ಮೊದಲನೆಯದೇ ಸಾಕು. ಅಗ್ಗದ ಸ್ಮಾರ್ಟ್ ಸ್ಪೀಕರುಗಳಲ್ಲಿ ಕೆಲವು 2.4 ಅನ್ನು ಮಾತ್ರ ಹಿಡಿಯುತ್ತವೆ.

ಏನನ್ನೂ ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಹಾಡು ನಿಂತಾಗ ಫೋನನ್ನು ಪಡಸಾಲೆಯ ಪೆಟ್ಟಿಗೆಯ ಪಕ್ಕಕ್ಕೆ ಒಯ್ಯಿರಿ. ಅಲ್ಲಿ ಹಾಡು ಸರಾಗವಾಗಿ ಹರಿದರೆ ದೋಷ ಗೋಡೆಯದು, ಎರಡನೇ ರೌಟರ್ ಉಪಯೋಗಕ್ಕೆ ಬರುತ್ತದೆ. ಅಲ್ಲಿಯೂ ನಿಂತರೆ ದೋಷ ಸಂಪರ್ಕದ್ದು, ಕಂಪನಿಗೆ ದೂರು ಕೊಡಿ. ಪೆಟ್ಟಿಗೆ ನೆಲದ ಮೇಲೋ ಟಿವಿ ಹಿಂದೆಯೋ ಇದ್ದರೆ ಎತ್ತರದ ಜಾಗಕ್ಕೆ ಸರಿಸಿ ನೋಡಿ. ಎಷ್ಟೋ ಮನೆಗಳಲ್ಲಿ ತೊಂದರೆ ಅಷ್ಟರಲ್ಲೇ ಮುಗಿಯುತ್ತದೆ.

ಎರಡನೇ ರೌಟರ್ ಮಾಡುವುದೇನು?

ಪಡಸಾಲೆಯ ಪೆಟ್ಟಿಗೆಯನ್ನು ಓಎನ್‌ಟಿ ಎನ್ನುತ್ತಾರೆ. ಫೈಬರ್ ತಂತಿಯಲ್ಲಿ ಬಂದ ಬೆಳಕನ್ನು ಇಂಟರ್ನೆಟ್ ಆಗಿ ಬದಲಿಸುವುದು ಅದೇ. ಅದರೊಳಗೇ ವೈಫೈ ಕೂಡ ಇರುತ್ತದೆ. ಅದರ ಹಿಂಬದಿಯ ಲ್ಯಾನ್ ಎಂಬ ತೂತಿನಿಂದ ಒಂದು ತಂತಿ ಎಳೆದು ಹಿಂದಿನ ರೂಮಿನ ರೌಟರಿಗೆ ಕೊಟ್ಟರೆ ಅಲ್ಲಿ ಹೊಸದಾಗಿ ವೈಫೈ ಹುಟ್ಟುತ್ತದೆ. ಓಣಿಯ ಟಾಕಿಯ ನೀರು ಅಷ್ಟೇ ಇದ್ದು, ನಳ ಮಾತ್ರ ನಿಮ್ಮ ಅಂಗಳಕ್ಕೆ ಬಂದಂತೆ ಇದು. ಇಂಟರ್ನೆಟ್ ವೇಗ ಇಮ್ಮಡಿಯಾಗುವುದಿಲ್ಲ, ತಿಂಗಳ ಬಿಲ್ಲೂ ಏರುವುದಿಲ್ಲ.

ಇದನ್ನು ಮೂರು ರೀತಿಯಲ್ಲಿ ಜೋಡಿಸಬಹುದು.

ಮೊದಲನೆಯದು ಆಕ್ಸೆಸ್ ಪಾಯಿಂಟ್. ಎರಡನೇ ರೌಟರ್ ಇಲ್ಲಿ ಸಿಗ್ನಲ್ ಹಂಚುವ ಕೆಲಸವನ್ನಷ್ಟೇ ಮಾಡುತ್ತದೆ. ಇಡೀ ಮನೆ ಒಂದೇ ಜಾಲವಾಗಿ ಉಳಿಯುತ್ತದೆ. ಪಡಸಾಲೆಯಲ್ಲಿ ಕುಳಿತು ಫೋನಿನಿಂದ ಹಿಂದಿನ ರೂಮಿನ ಸ್ಪೀಕರಿಗೆ ಹಾಡು ಕಳಿಸಬಹುದು. ಒಂದೇ ಕುಟುಂಬದಂತೆ ಇರುವ ಗೆಳೆಯರಿಗೆ ಇದು ಒಳ್ಳೆಯದು.

ಎರಡನೆಯದು ರೌಟರ್ ಮೋಡ್. ಇಲ್ಲಿ ನಿಮ್ಮ ರೂಮಿಗೆ ಪ್ರತ್ಯೇಕ ಜಾಲ ಹುಟ್ಟುತ್ತದೆ. ಪಡಸಾಲೆಯ ಜಾಲದಲ್ಲಿರುವವರ ಫೋನಿಗೆ ನಿಮ್ಮ ಸ್ಪೀಕರ್ ಕಾಣಿಸುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ತಪ್ಪಿ ನಿಮ್ಮ ಸ್ಪೀಕರಿನಲ್ಲಿ ಡಿಜೆ ಹಾಡು ಹಚ್ಚುವ ಪ್ರಸಂಗ ಬರುವುದಿಲ್ಲ. ಹೆಚ್ಚು ಪರಿಚಯವಿಲ್ಲದವರ ಜೊತೆ ಮನೆ ಹಂಚಿಕೊಂಡಿದ್ದರೆ ಇದೇ ಲೇಸು.

ಮೂರನೆಯದು ರಿಪೀಟರ್. ತಂತಿ ಇಲ್ಲದೆ, ಗಾಳಿಯಲ್ಲೇ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುತ್ತದೆ. ಹೀಗೆ ಹಿಡಿದು ದಾಟಿಸುವಾಗ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಡಿಗೆ ಅದು ಸಾಕಾಗುತ್ತದೆ. ಮಾಲೀಕರು ತಂತಿ ಎಳೆಯಲು ಒಪ್ಪದಿದ್ದರೆ ಇದೇ ದಾರಿ. ಇದನ್ನು ಸಿಗ್ನಲ್ ಇಲ್ಲದ ರೂಮಿನಲ್ಲಿ ಇಟ್ಟರೆ ಉಪಯೋಗವಿಲ್ಲ. ಪೆಟ್ಟಿಗೆಗೂ ರೂಮಿಗೂ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಜಾಗದಲ್ಲಿ ಇಡಬೇಕು.

ಜೋಡಿಸುವ ಕ್ರಮ

ಮೊದಲು ರೌಟರನ್ನು ಕರೆಂಟಿಗೆ ಹಚ್ಚಿ. ಹಳೆಯದಾಗಿದ್ದರೆ ರಿಸೆಟ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹಳೆಯ ಮಾಲೀಕರ ಪಾಸ್‌ವರ್ಡೆಲ್ಲ ಅಳಿಸಿಹೋಗುತ್ತದೆ. ನೆನಪಿಡಿ, ಇದು ನಿಮ್ಮ ರೌಟರಿಗೆ ಮಾತ್ರ. ಕಂಪನಿಯ ಓಎನ್‌ಟಿಯ ರಿಸೆಟ್ ಗುಂಡಿ ಮುಟ್ಟಬೇಡಿ. ಮುಟ್ಟಿದರೆ ಇಡೀ ಮನೆಯ ಇಂಟರ್ನೆಟ್ ನಿಂತು, ಕಂಪನಿಯ ಹುಡುಗ ಬರುವವರೆಗೆ ಎಲ್ಲರೂ ಕಾಯಬೇಕಾದೀತು.

ರೌಟರಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಮತ್ತು 192.168.0.1 ಎಂಬಂಥ ವಿಳಾಸ ಇರುತ್ತದೆ. ಫೋನನ್ನು ಆ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ ಆ ವಿಳಾಸ ಬರೆಯಿರಿ. ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ. ಈಚಿನ ರೌಟರುಗಳಲ್ಲಿ ಆಪರೇಷನ್ ಮೋಡ್ ಎಂಬ ಆಯ್ಕೆ ಸಿಗುತ್ತದೆ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ ಸೇವ್ ಮಾಡಿದರೆ ದೊಡ್ಡ ಕೆಲಸ ಮುಗಿಯಿತು.

ಹಳೆಯ ರೌಟರಿನಲ್ಲಿ ಆ ಆಯ್ಕೆ ಇಲ್ಲವೇ? ಚಿಂತೆ ಬೇಡ, ಎರಡು ಬದಲಾವಣೆ ಸಾಕು. ಪಡಸಾಲೆಯ ಪೆಟ್ಟಿಗೆಯ ವಿಳಾಸ 192.168.1.1 ಆಗಿದ್ದರೆ, ಇದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಮಾಡಿ. ಆಮೇಲೆ ಡಿಎಚ್‌ಸಿಪಿ ಎಂಬುದನ್ನು ಆಫ್ ಮಾಡಿ. ಫೋನು, ಸ್ಪೀಕರುಗಳಿಗೆ ವಿಳಾಸ ಹಂಚುವ ವ್ಯವಸ್ಥೆ ಅದು. ಒಂದು ಜಾಲದಲ್ಲಿ ಇಬ್ಬರು ವಿಳಾಸ ಹಂಚಿದರೆ ಗೊಂದಲವಾಗಿ ಸಂಪರ್ಕ ಕಡಿಯುತ್ತಿರುತ್ತದೆ. ಕೊನೆಗೆ ಓಎನ್‌ಟಿಯಿಂದ ಬಂದ ತಂತಿಯನ್ನು ಇದರ ಲ್ಯಾನ್ ತೂತಿಗೇ ಹಾಕಿ. ವ್ಯಾನ್ ಎಂಬ ತೂತು ಖಾಲಿ ಇರಲಿ.

ಪ್ರತ್ಯೇಕ ಜಾಲ ಬೇಕಿದ್ದರೆ ಇದರ ಉಲ್ಟಾ. ಡಿಎಚ್‌ಸಿಪಿ ಆನ್ ಇರಲಿ, ತಂತಿ ವ್ಯಾನ್ ತೂತಿಗೆ ಹೋಗಲಿ. ಎರಡು ಪೆಟ್ಟಿಗೆಗಳ ವಿಳಾಸದ ಮೂರನೇ ಸಂಖ್ಯೆ ಬೇರೆಬೇರೆ ಇರಬೇಕು. ಒಂದರದು 192.168.1.1 ಆದರೆ ಇನ್ನೊಂದರದು 192.168.0.1 ಇರಲಿ.

ಈಗ ವೈಫೈಗೆ ಹೊಸ ಹೆಸರು ಕೊಡಿ. ಎರಡೂ ಪೆಟ್ಟಿಗೆಗೆ ಒಂದೇ ಹೆಸರಿಟ್ಟರೆ ಸ್ಪೀಕರ್ ಕೆಲವೊಮ್ಮೆ ದೂರದ ಸಿಗ್ನಲ್ಲಿಗೇ ಅಂಟಿಕೊಂಡು ಕೂರುತ್ತದೆ. ಹೆಸರು ಬೇರೆ ಇದ್ದರೆ ಸ್ಪೀಕರನ್ನು ಹತ್ತಿರದ ರೌಟರಿಗೇ ಕಟ್ಟಿಹಾಕಬಹುದು. ಚಾನೆಲ್ ಎಂಬಲ್ಲಿ ಪಡಸಾಲೆಯದು 1 ಆಗಿದ್ದರೆ ಇದಕ್ಕೆ 6 ಅಥವಾ 11 ಆರಿಸಿ. 2.4 ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಈ ಮೂರೇ. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಸೆಟ್ಟಿಂಗ್ಸ್ ಪುಟದ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಸ್ಪೀಕರ್ ಫೋನಿಗೆ ಕಾಣುತ್ತಿಲ್ಲವೇ? ಎರಡೂ ಒಂದೇ ಜಾಲದಲ್ಲಿವೆಯೇ ನೋಡಿ. ಗೆಸ್ಟ್ ವೈಫೈಗೆ ಸೇರಿದ್ದರೆ ಕಾಣುವುದಿಲ್ಲ, ಅಲ್ಲಿ ಒಂದು ಸಾಧನದಿಂದ ಇನ್ನೊಂದನ್ನು ಮರೆಮಾಡುವುದೇ ನಿಯಮ.

ಖರ್ಚು ಎಷ್ಟು? ಎಲ್ಲಿ ಸಿಗುತ್ತದೆ?

ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ ಕಂಪನಿಗಳ ಸಾದಾ ರೌಟರ್ ಸುಮಾರು 1,000ದಿಂದ 1,500 ರೂಪಾಯಿ. ಎರಡೂ ಪಟ್ಟಿ ಇರುವುದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಹಾಡಿಗೆ ಸಾದಾ ರೌಟರ್ ಸಾಕು. ಕ್ಯಾಟ್ 5ಇ ಅಥವಾ ಕ್ಯಾಟ್ 6 ತಂತಿ ಮೀಟರಿಗೆ ಸುಮಾರು 15ರಿಂದ 30 ರೂಪಾಯಿ. ಒಂದೇ ಎಳೆಯಲ್ಲಿ ನೂರು ಮೀಟರಿನವರೆಗೆ ಇದು ಕೆಲಸ ಮಾಡುತ್ತದೆ. ಯಾರ ಮನೆಯಲ್ಲಾದರೂ ಹಳೆಯ ರೌಟರ್ ಬಿದ್ದಿದ್ದರೆ ತಂತಿಯ ಖರ್ಚು ಮಾತ್ರ. ಸಾದಾ ರೌಟರ್ ಆರು ವಾಟ್‌ನಷ್ಟು ಎಳೆಯುತ್ತದೆ ಎಂದುಕೊಂಡರೆ, ಹಗಲೂ ರಾತ್ರಿ ಉರಿದರೂ ತಿಂಗಳಿಗೆ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ.

ಕೊಪ್ಪಳ, ಗಂಗಾವತಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಕುಷ್ಟಗಿ, ಯಲಬುರ್ಗಾದವರು ಮೊದಲು ಕೇಬಲ್ ಆಪರೇಟರನ್ನು ಕೇಳಿ. ತಂತಿ, ಪಿನ್ನು, ಪಿನ್ನು ಒತ್ತುವ ಸಾಧನ ಅವರ ಬಳಿಯೇ ಇರುತ್ತವೆ. ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ಲು ಜೋಪಾನವಾಗಿಡಿ. ವಾರಂಟಿ ಕೇಳಲು ಅದು ಬೇಕು.

ನಮ್ಮೂರಿಗೆ ತಕ್ಕ ಎಚ್ಚರ

ಕರೆಂಟ್ ಹೋದಾಗಲೂ ಹಾಡು ಬೇಕಿದ್ದರೆ ರೌಟರಿನ ಮಿನಿ ಯುಪಿಎಸ್ ಸಿಗುತ್ತದೆ, ಬೆಲೆ ಸುಮಾರು ಸಾವಿರದಿಂದ ಒಂದೂವರೆ ಸಾವಿರ. ಓಎನ್‌ಟಿ ಮತ್ತು ಎರಡನೇ ರೌಟರ್ ಎರಡಕ್ಕೂ ಬೆಂಬಲ ಇರಬೇಕು, ಒಂದಕ್ಕಿದ್ದರೆ ಪ್ರಯೋಜನವಿಲ್ಲ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಓದಿ. ಕೆಲವು 9 ವೋಲ್ಟಿನವು, ಕೆಲವು 12 ವೋಲ್ಟಿನವು. ಅದಲುಬದಲಾದರೆ ರೌಟರ್ ಸುಟ್ಟುಹೋದೀತು.

ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ, ಅಟ್ಟದಲ್ಲಿ ರೌಟರ್ ಇಡಬೇಡಿ. ಬಿಸಿಗೆ ಅದು ತಾನಾಗಿ ಆಫ್ ಆಗುತ್ತಿರುತ್ತದೆ. ತಂತಿಯನ್ನು ಮಾಳಿಗೆ ಮೇಲಿಂದ, ಬಯಲಿನಲ್ಲಿ ಎಳೆಯಬೇಡಿ. ಸಿಡಿಲಿನ ದಿನಗಳಲ್ಲಿ ಅದೇ ತಂತಿಯಿಂದ ಎರಡೂ ಪೆಟ್ಟಿಗೆ ಸುಡಬಹುದು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಫೈಬರಿನ ತೆಳು ತಂತಿಯನ್ನು ಮಡಚಬೇಡಿ, ಅದರೊಳಗಿರುವುದು ಗಾಜಿನ ಎಳೆ.

ಕಲ್ಲಿನ ಗೋಡೆಗೆ ತೂತು ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯಿರಿ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಹಾಯುವ ಚಪ್ಪಟೆ ತಂತಿಯೂ ಸಿಗುತ್ತದೆ, ಕೊರೆಯುವ ಕೆಲಸವೇ ತಪ್ಪುತ್ತದೆ. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನು ಕೇಳಿಯೇ ಕೆಲಸ ಶುರುಮಾಡಿ. ಏನಾದರೂ ತಪ್ಪು ಬಳಕೆಯಾದರೆ ಮೊದಲು ಪ್ರಶ್ನೆ ಬರುವುದು ಅವರಿಗೇ. ಆದ್ದರಿಂದ ಪಾಸ್‌ವರ್ಡ್ ಪಕ್ಕದ ಮನೆಗೆ ಹೋಗಬಾರದು. ರೌಟರಿಗೆ ಎಲ್ಲರೂ ದುಡ್ಡು ಹಾಕಿದ್ದರೆ, ಮನೆ ಬಿಡುವಾಗ ಅದು ಯಾರಿಗೆ ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ.

ಹಾಡು ಸಲೀಸಾಗಿ ಬಂದಮೇಲೆ ಇನ್ನೊಂದು ಜವಾಬ್ದಾರಿ ನಿಮ್ಮದು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಇದನ್ನು ಹೇಳುತ್ತವೆ. ಪಕ್ಕದ ರೂಮಿನವರು ಪರೀಕ್ಷೆಗೆ ಓದುತ್ತಿರಬಹುದು, ರಾತ್ರಿ ಪಾಳಿ ಮುಗಿಸಿ ಮಲಗಿರಬಹುದು. ಅಂಥ ಹೊತ್ತಿನಲ್ಲಿ ಹೆಡ್‌ಫೋನ್ ಹಾಕಿಕೊಳ್ಳಿ.

ಒಟ್ಟಿನಲ್ಲಿ ಹೇಳುವುದಾದರೆ, ತಂತಿ ಎಳೆಯಲು ಆಗುವುದಾದರೆ ತಂತಿಯನ್ನೇ ಆರಿಸಿ. ಗೆಳೆಯರ ಮನೆಗೆ ಆಕ್ಸೆಸ್ ಪಾಯಿಂಟ್, ಅಪರಿಚಿತರ ನಡುವೆ ರೌಟರ್ ಮೋಡ್, ಬೇರೆ ದಾರಿ ಇಲ್ಲದಿದ್ದರೆ ರಿಪೀಟರ್. ಪ್ಲಾನ್ ಬದಲಿಸಿ ತಿಂಗಳು ತಿಂಗಳು ಹೆಚ್ಚಿಗೆ ಕಟ್ಟುವ ಮುನ್ನ, ಒಂದೇ ಸಲ ಎರಡು ಸಾವಿರದೊಳಗೆ ಮುಗಿಯುವ ಈ ಕೆಲಸ ಮಾಡಿ ನೋಡಿ.