ಕುನ್ನಿಯ ಧೈರ್ಯಕ್ಕೆ ಹನ್ನೆರಡು ವಾರ

ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಸುತ್ತ ಭತ್ತ ಕೊಯ್ದ ಗದ್ದೆಗಳಿಗೆ ಕುರಿಹಿಂಡು ಇಳಿಯುವ ದಿನಗಳಲ್ಲಿ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬಲೆ ಕಟ್ಟಿದ ಹಟ್ಟಿಯಲ್ಲಿ ಕಂದುಗೆಂಪು ಕುರಿಗಳು ಮಲಗಿರುತ್ತವೆ. ಅವು ಇದೇ ಸೀಮೆಯ ಕೆಂಗುರಿ ತಳಿ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಭಾಗವೇ ಅದರ ತವರು. ಅವುಗಳ ಹೊಟ್ಟೆಗೆ ಆತುಕೊಂಡು ಎರಡು ತಿಂಗಳೂ ತುಂಬದ ಒಂದು ಕುನ್ನಿ ಮಲಗಿರುತ್ತದೆ. ಪಕ್ಕದ ರಸ್ತೆಯಲ್ಲಿ ಭತ್ತದ ಚೀಲ ಹೇರಿಕೊಂಡ ಟ್ರ್ಯಾಕ್ಟರ್ ಗಡಗಡ ಸದ್ದು ಮಾಡುತ್ತ ಹೋದರೆ ಕುನ್ನಿ ತಲೆ ಎತ್ತುತ್ತದೆ, ಸುತ್ತಲಿನ ಕುರಿಗಳನ್ನು ನೋಡುತ್ತದೆ. ಅವು ಮೆಲುಕು ಹಾಕುತ್ತಲೇ ಇರುತ್ತವೆ. ಕುನ್ನಿ ಮತ್ತೆ ಮೂತಿ ಚಾಚಿ ಮಲಗುತ್ತದೆ.

ಈಗ ಊರೊಳಗಿನ ಒಂದು ಮನೆಗೆ ಬರೋಣ. ದುಡ್ಡು ಕೊಟ್ಟು ತಂದ ಮುಧೋಳ ಮರಿ. ಬಂದ ದಿನದಿಂದ ಗೇಟಿನ ಪಕ್ಕದ ಕಂಬಕ್ಕೆ ಸರಪಳಿ. ಆರು ತಿಂಗಳಾಗುವ ಹೊತ್ತಿಗೆ ಅದು ಬೈಕಿನ ಸದ್ದಿಗೆ ನಡುಗುತ್ತದೆ, ಯಾರಾದರೂ ಕೊಡೆ ಬಿಚ್ಚಿದರೆ ಮೂಲೆ ಸೇರುತ್ತದೆ, ಹೊಸಬರು ಕೈ ಚಾಚಿದರೆ ಹಲ್ಲು ತೋರಿಸುತ್ತದೆ. "ಅಂಜುಬುರುಕ ಆಗ್ಯಾದ, ತಳೀನೇ ಖೊಟ್ಟಿ" ಎಂದು ಮನೆಯವರು ತಳಿಗೆ ಶಾಪ ಹಾಕುತ್ತಾರೆ.

ಪಾಪ, ತಳಿ ಏನು ಮಾಡೀತು? ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು. 2016ರಲ್ಲಿ ಇದೇ ತಳಿಯ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. ಸ್ವಭಾವದಲ್ಲಿ ತಳಿಗೂ ಒಂದು ಪಾಲು ಇರುವುದು ನಿಜ. ಆದರೆ ಅದು ಮುಖ್ಯವಾಗಿ ಕೊಡುವುದು ಉದ್ದನೆಯ ಕಾಲು, ದೂರ ನೋಡುವ ಕಣ್ಣು, ಬಾಣದಂಥ ಮೈ. ಮರಿ ಅಂಜುತ್ತದೋ ಇಲ್ಲವೋ ಎಂಬುದನ್ನು ತಿಳಿಯಲು ಅದು ಹುಟ್ಟಿದ ತಾರೀಖಿನಿಂದ ಮೊದಲ ಮೂರು ತಿಂಗಳ ಲೆಕ್ಕ ತೆಗೆಯಬೇಕು.

ಒಂದು ಎಕರೆಯ ಬೇಲಿಯೊಳಗೆ

ನಾಯಿಮರಿ ಹುಟ್ಟುವಾಗ ಕಣ್ಣೂ ಕಾಣದು, ಕಿವಿಯೂ ಕೇಳದು. ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ಸದ್ದಿಗೆ ಬೆಚ್ಚಿಬೀಳುವುದು ಮೂರನೆಯ ವಾರದ ಸುಮಾರಿಗೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ, ಅವುಗಳ ಬೆಳವಣಿಗೆಯನ್ನು ವಾರವಾರವೂ ಬರೆದಿಟ್ಟರು. 1965ರಲ್ಲಿ ಬಂದ ಅವರ ಪುಸ್ತಕದ ಬಹುಮುಖ್ಯ ಮಾತು ಇದು: ಮೂರರಿಂದ ಹನ್ನೆರಡು ವಾರಗಳ ನಡುವೆ ಮರಿಯ ಮನಸ್ಸಿನಲ್ಲಿ ಒಂದು ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಒಡನಾಡಿದವರೆಲ್ಲ ಅದಕ್ಕೆ ನಮ್ಮವರು, ಆಮೇಲೆ ಬಂದವರು ಹೊರಗಿನವರು.

ಪುಸ್ತಕ ಬರುವ ಮುಂಚೆಯೇ, 1961ರಲ್ಲಿ, ಇದನ್ನು ಪರೀಕ್ಷಿಸಲು ಒಂದು ಪ್ರಯೋಗ ನಡೆದಿತ್ತು. ಎತ್ತರದ ಬೇಲಿ ಹಾಕಿದ ಒಂದು ಎಕರೆ ಜಾಗದಲ್ಲಿ ಮರಿಗಳು ತಾಯಿಯ ಜೊತೆ ಬೆಳೆದವು; ಮನುಷ್ಯರ ಒಡನಾಟವೇ ಇಲ್ಲ. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರನೆಯ, ಐದನೆಯ, ಏಳನೆಯ, ಒಂಬತ್ತನೆಯ ವಾರದಲ್ಲಿ ಹೊರತಂದು ಒಂದೇ ಒಂದು ವಾರ ಮನುಷ್ಯರ ಜೊತೆ ಆಡಲು ಬಿಟ್ಟರು. ಮೂರು ವಾರದ ಮರಿಗಳು ಹಿಂದೆಮುಂದೆ ನೋಡದೆ ಬಂದವು. ಐದು ವಾರದವು ಕೊಂಚ ಅನುಮಾನಿಸಿದವು. ಏಳು, ಒಂಬತ್ತು ವಾರದವಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕಾಯಿತು. ಹದಿನಾಲ್ಕು ವಾರದವರೆಗೂ ಮನುಷ್ಯರನ್ನೇ ಕಾಣದ ಮರಿಗಳು ಮಾತ್ರ ಕಾಡುಪ್ರಾಣಿಗಳಂತೆ ಹೆದರಿ ದೂರವೇ ಉಳಿದವು.

ಇದರ ಹಿಂದೆ ಪ್ರಕೃತಿಯ ಲೆಕ್ಕಾಚಾರವಿದೆ. ಮರಿಯೊಳಗೆ ಒಂದು ತಕ್ಕಡಿ ಇದೆ ಅನ್ನಿ: ಒಂದು ತಟ್ಟೆಯಲ್ಲಿ ಕುತೂಹಲ, ಇನ್ನೊಂದರಲ್ಲಿ ಭಯ. ತಾಯಿಯ ಮಗ್ಗುಲಲ್ಲಿ ಇರುವಷ್ಟು ದಿನ ಕುತೂಹಲವೇ ತೂಕ, ಯಾಕೆಂದರೆ ತಾಯಿ ಇರುವ ಕಡೆ ಅಪಾಯ ಕಡಿಮೆ. ಐದು ವಾರದ ಆಚೆ ಭಯದ ತಟ್ಟೆ ನಿಧಾನಕ್ಕೆ ತುಂಬತೊಡಗುತ್ತದೆ. ಗೂಡಿನಿಂದ ದೂರ ಅಲೆಯುವ ವಯಸ್ಸಿನಲ್ಲಿ ಗೊತ್ತಿಲ್ಲದ್ದನ್ನೆಲ್ಲ ಮೂಸಲು ಹೋಗುವ ಮರಿ ಬಹುಕಾಲ ಬದುಕದು. ಪಕ್ಕದ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿದೆಯಷ್ಟೆ. ತೋಳದ ಮರಿಯ ಬಾಗಿಲು ಇನ್ನೂ ಬೇಗ ಮುಚ್ಚುತ್ತದೆ. ಅದು ಎರಡು ವಾರಕ್ಕೇ, ಕಣ್ಣು ಕಿವಿ ಸರಿಯಾಗಿ ಕೆಲಸಕ್ಕೆ ಬರುವ ಮುಂಚೆಯೇ, ಮೂಗನ್ನು ನಂಬಿ ಸುತ್ತಲ ಜಗತ್ತನ್ನು ಅಳೆಯಲು ಹೊರಡುತ್ತದೆ. ನಾಯಿಮರಿ ಹೊರಡುವುದು ನಾಲ್ಕು ವಾರಕ್ಕೆ. ತೋಳ ಕಾಡಿನಲ್ಲಿ ಉಳಿದು ನಾಯಿ ನಮ್ಮ ಅಂಗಳಕ್ಕೆ ಬಂದದ್ದರಲ್ಲಿ ಈ ಎರಡು ವಾರದ ಅಂತರಕ್ಕೂ ಪಾತ್ರವಿದೆ ಎಂದು ವಿಜ್ಞಾನಿಗಳು ನಂಬುತ್ತಾರೆ.

ಹಟ್ಟಿಯಲ್ಲಿ ಹುಲಿ

ಕುರಿಗಾರರ ದೇವರು ಮೈಲಾರಲಿಂಗನ ಭಕ್ತರಾದ ಗೊರವಯ್ಯರು ನಾಯಿಯಂತೆ ಬೊಗಳಿ, ದೋಣಿ ಎಂಬ ಬಟ್ಟಲಿಗೆ ಎರೆದ ಹಾಲನ್ನು ಬಾಯಿ ಹಚ್ಚಿ ಕುಡಿಯುವ ನಾಡು ನಮ್ಮದು. ಕುರಿಗಾರರಿಗೆ ನಾಯಿ ಬರೀ ಕಾವಲಲ್ಲ, ದೇವರ ನೆಂಟ. ಕುನ್ನಿ ಕುರಿಯ ನಡುವೆಯೇ ಬೆಳೆಯಬೇಕೆಂಬುದು ಅವರಿಗೆ ಅನುಭವ ಕಲಿಸಿದ ಪಾಠ. ಇದೇ ಪಾಠ ಸಾಗರದಾಚೆಯೂ ಇತ್ತು. 1833ರಲ್ಲಿ ಇಂದಿನ ಉರುಗ್ವೆಯಲ್ಲಿ ಕುದುರೆ ಏರಿ ಸುತ್ತುತ್ತಿದ್ದ ಚಾರ್ಲ್ಸ್ ಡಾರ್ವಿನ್, ಮೈಲುಗಟ್ಟಲೆ ಮನುಷ್ಯರಿಲ್ಲದ ಬಯಲಿನಲ್ಲಿ ಒಂದೆರಡು ನಾಯಿಗಳು ದೊಡ್ಡ ಕುರಿಹಿಂಡನ್ನು ಕಾಯುವುದನ್ನು ಕಂಡು ಬೆರಗಾದ. ಅಲ್ಲಿನವರು ಮರಿಯನ್ನು ಎಳೆಯದರಲ್ಲೇ ತಾಯಿಯಿಂದ ಬೇರೆ ಮಾಡಿ, ದಿನಕ್ಕೆ ಮೂರು ನಾಲ್ಕು ಸಲ ಕುರಿಯ ಮೊಲೆಗೆ ಬಿಟ್ಟು, ದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡಿ ಮಲಗಿಸುತ್ತಿದ್ದರು. ಬೇರೆ ನಾಯಿಗಳ ಜೊತೆಗಾಗಲಿ ಮನೆಯ ಮಕ್ಕಳ ಜೊತೆಗಾಗಲಿ ಬೆರೆಯಲು ಬಿಡುತ್ತಿರಲಿಲ್ಲ.

ಡಾರ್ವಿನ್ ಬರೆದ ಇನ್ನೊಂದು ಸಂಗತಿ ನಮ್ಮ ಕತೆಗೆ ತುಂಬ ಬೇಕಾದದ್ದು. ಈ ಕುರಿನಾಯಿ ಮಾಂಸದ ತುಂಡಿಗಾಗಿ ದಿನವೂ ಮನೆಗೆ ಬರುತ್ತದೆ. ಸಿಕ್ಕಿದ್ದನ್ನು ಕಚ್ಚಿಕೊಂಡು ನಾಚಿದಂತೆ ಓಡುತ್ತದೆ. ಮನೆಯ ನಾಯಿಗಳು, ಚಿಕ್ಕದೂ ಸೇರಿ, ಅಟ್ಟಿಸಿಕೊಂಡು ಹೋಗುತ್ತವೆ. ಹಿಂಡು ಮುಟ್ಟಿದ ಕೂಡಲೇ ಅದು ತಿರುಗಿ ನಿಂತು ಬೊಗಳುತ್ತದೆ. ಅಟ್ಟಿಬಂದ ನಾಯಿಗಳೆಲ್ಲ ಬಾಲ ಮುದುರಿ ಹಿಂದಕ್ಕೋಡುತ್ತವೆ. ತನ್ನೂರಿಗೆ ರಂಗ, ಪರ ಊರಿಗೆ ಮಂಗ ಎನ್ನುವ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ನಾಯಿಯ ಧೈರ್ಯ ಮೈಬಲದಿಂದ ಬರುವುದಿಲ್ಲ, ಪರಿಚಯದಿಂದ ಬರುತ್ತದೆ. ಎಳೆಯದರಲ್ಲಿ ಎಷ್ಟು ಜಗತ್ತು ನೋಡಿದೆಯೋ ಅಷ್ಟೇ ಅದರ ಊರು. ಹಟ್ಟಿಯ ಕುನ್ನಿಯ ಊರು ಅದರ ಹಿಂಡು, ಕಂಬಳಿ ಹೊದ್ದ ಕುರಿಗಾರ, ರಸ್ತೆಯ ಟ್ರ್ಯಾಕ್ಟರ್. ಗೇಟಿಗೆ ಕಟ್ಟಿದ ಮರಿಯ ಊರು ಸರಪಳಿಯ ಉದ್ದ ಮಾತ್ರ.

ಮನೆಗೆ ಮರಿ ತಂದವರು ಮಾಡಬೇಕಾದ್ದು

ಮೊದಲನೆಯದಾಗಿ, ಅವಸರ ಬೇಡ. 2011ರಲ್ಲಿ ಇಟಲಿಯಲ್ಲಿ ನಡೆದ ಅಧ್ಯಯನವೊಂದು, 30–40 ದಿನಕ್ಕೇ ತಾಯಿಯಿಂದ ಅಗಲಿಸಿದ ಮರಿಗಳಲ್ಲಿ ದೊಡ್ಡವಾದ ಮೇಲೆ ಅಂಜಿಕೆ, ಅತಿ ಬೊಗಳುವಿಕೆ, ಕೈ ಕಚ್ಚುವ ಚಾಳಿ ಹೆಚ್ಚೆಂದು ಕಂಡುಕೊಂಡಿತು. 60 ದಿನ ತಾಯಿಯ ಬಳಿ ಇದ್ದವು ಎಷ್ಟೋ ವಾಸಿ. ಒಡಹುಟ್ಟಿದವನ್ನು ಜೋರಾಗಿ ಕಚ್ಚಿದರೆ ಆಟವೇ ನಿಂತುಹೋಗುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ಆ ದಿನಗಳಲ್ಲೇ. ನಮ್ಮ ದೇಶದ 2017ರ ನಿಯಮವೂ ಎಂಟು ವಾರಕ್ಕೆ ಮುಂಚೆ ಮರಿ ಮಾರಬಾರದು ಎನ್ನುತ್ತದೆ.

ಹಾಗಿದ್ದರೆ ಬಾಗಿಲು ಮುಚ್ಚಲು ಉಳಿಯುವುದು ನಾಲ್ಕೇ ವಾರ. ಇಲ್ಲೊಂದು ಇಕ್ಕಟ್ಟಿದೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯನ್ನು ಕಾಯುತ್ತಲೇ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಅದಕ್ಕೇ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆಗಳನ್ನು ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೂ ಕೊಡುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆ ಮುಗಿಯಲೆಂದು ಕಾದರೆ ಮನಸ್ಸಿನ ಬಾಗಿಲು ಮುಚ್ಚಿರುತ್ತದೆ. ಬೀದಿಗೆ ಬಿಟ್ಟರೆ ಪಾರ್ವೊ ಹೊಂಚು ಹಾಕಿರುತ್ತದೆ. ಉಪಾಯ ಸುಲಭ: ಮರಿಯನ್ನು ಎತ್ತಿಕೊಂಡು ಹೋಗಿ. ಬುಟ್ಟಿಯಲ್ಲಿಟ್ಟು ಬಸ್‌ಸ್ಟ್ಯಾಂಡು, ಸಂತೆ, ಕಿರಾಣಿ ಅಂಗಡಿ, ಶಾಲೆ ಬಿಡುವ ಹೊತ್ತಿನ ಗದ್ದಲ ತೋರಿಸಿ. ಬೀದಿನಾಯಿ ತಿರುಗಾಡುವ ನೆಲಕ್ಕೆ ಕಾಲು ತಾಗಿಸಬೇಡಿ, ಅಷ್ಟೆ.

ತೋರಿಸುವುದೆಂದರೆ ಮೂತಿಗೆ ಹಿಡಿಯುವುದಲ್ಲ. ನಾಯಿ ಸುಮಾರು 45,000 ಹರ್ಟ್ಸ್‌ವರೆಗಿನ ಸದ್ದು ಕೇಳಬಲ್ಲದು. ನಮ್ಮದು 20,000ಕ್ಕೇ ಮುಗಿಯುತ್ತದೆ. ಭತ್ತ ಕಟಾವು ಮಾಡುವ ಮಷೀನಿನಲ್ಲಿ ನಮಗೆ ಕೇಳದ ಕೀರಲು ದನಿಯೂ ಅದಕ್ಕೆ ಕೇಳೀತು. ಆದ್ದರಿಂದ ಮೊದಲ ದಿನ ಇನ್ನೂರು ಹೆಜ್ಜೆ ದೂರದಲ್ಲಿ ಕೂತುಕೊಳ್ಳಿ, ಕೈಯಲ್ಲಿ ಬೇಯಿಸಿದ ಮೊಟ್ಟೆಯ ಚೂರು ಇರಲಿ. ಮರಿ ತಿಂದರೆ ಸಮಾಧಾನವಾಗಿದೆ ಎಂದರ್ಥ. ತಿನ್ನದೆ ಬಾಯಿ ಬಿಗಿಹಿಡಿದು ನೋಡುತ್ತಿದ್ದರೆ ಹಿಂದೆ ಸರಿಯಿರಿ. ನಾಳೆ ಇಪ್ಪತ್ತು ಹೆಜ್ಜೆ ಹತ್ತಿರ. ಮೊಹರಂನ ಹಲಗೆ ಸದ್ದಿಗೂ ದೀಪಾವಳಿಯ ಪಟಾಕಿಗೂ ಇದೇ ಕ್ರಮ. ತಾನು ಹಿಂದೆ ಹೋಗಬಹುದು ಎಂದು ಗೊತ್ತಿರುವ ಮರಿ ತಾನಾಗಿಯೇ ಮುಂದೆ ಬರುತ್ತದೆ. ಹಗ್ಗ ಜಗ್ಗಿ ಎಳೆದುಕೊಂಡು ಹೋದ ಮರಿಗೆ ಆ ದಾರಿ ಇರುವುದಿಲ್ಲ. ಉಳಿಯುವುದು ಕಚ್ಚುವ ದಾರಿ.

ಎಲ್ಲೋ ಉಚ್ಚೆ ಹೊಯ್ದಿತೆಂದು ಅದರಲ್ಲೇ ಮೂತಿ ಒತ್ತುವುದು, ಬಡಿಯುವುದು ಇನ್ನೂ ನಡೆದಿದೆ. ಪೋರ್ಚುಗಲ್‌ನಲ್ಲಿ 92 ನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೈದು ಜಗ್ಗಿ ಕಲಿಸಿದ ನಾಯಿಗಳ ಜೊಲ್ಲಿನಲ್ಲಿ ಪಾಠದ ನಂತರ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿದ್ದು ಕಂಡಿತು. ತಿಂಡಿ ಕೊಟ್ಟು ಕಲಿಸಿದವುಗಳಲ್ಲಿ ಆ ಏರಿಕೆ ಇರಲಿಲ್ಲ. ಏಟು ತಿಂದ ಮರಿ ಕಲಿಯುವ ಪಾಠ ಒಂದೇ: ಈ ಕೈಯನ್ನು ನಂಬಬಾರದು.

ಸಮಾಧಾನದ ಇನ್ನರ್ಧ ಗುಟ್ಟು ನಿದ್ದೆ. ಎಳೆ ಮರಿಗೆ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ದೆ ಬೇಕು. ಓಣಿಯ ಮಕ್ಕಳೆಲ್ಲ ಸೇರಿ ಎತ್ತಾಡಿಸಿದ ಮರಿ ಸಂಜೆಗೆ ಹುಚ್ಚೆದ್ದು ಪ್ಯಾಂಟು ಕಚ್ಚುತ್ತಿದ್ದರೆ ಅದು ತುಂಟತನವಲ್ಲ, ನಿದ್ದೆಗೆಟ್ಟ ಕೂಸಿನ ರಂಪ. ನೆರಳಿರುವ ಒಂದು ಮೂಲೆ, ಹಳೆಯ ಗೋಣಿಚೀಲ, ಅಲ್ಲಿ ಮಲಗಿದಾಗ ಯಾರೂ ಮುಟ್ಟಬಾರದೆಂಬ ಕಟ್ಟುನಿಟ್ಟು, ಇಷ್ಟಿದ್ದರೆ ಸಾಕು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಿರುಗಾಟ ಬೆಳಗಿನ ಜಾವಕ್ಕಿರಲಿ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ರೊಟ್ಟಿಯ ಚೂರು ಹಾಕುವಾಗ ಉಳ್ಳಾಗಡ್ಡಿ ಪಲ್ಯ ಅಂಟಿರಬಾರದು. ಅದು ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಮತ್ತೆ ಗದ್ದೆಯ ಹಟ್ಟಿಗೆ ಹೋಗೋಣ. ಟ್ರ್ಯಾಕ್ಟರ್ ಸದ್ದಾದಾಗ ಕುನ್ನಿ ಮೊದಲು ಕುರಿಗಳನ್ನು ನೋಡಿತಲ್ಲ? ಹಂಗೇರಿಯ ಸಂಶೋಧಕರು 2018ರಲ್ಲಿ ಎಂಟು ವಾರದ ಮರಿಗಳ ಮುಂದೆ ಹೊಸ ವಸ್ತುವನ್ನಿಟ್ಟು ನೋಡಿದರು. ಮರಿಗಳು ವಸ್ತುವಿನಿಂದ ಕಣ್ಣು ಕಿತ್ತು ಜೊತೆಗಿದ್ದ ತಾಯಿಯನ್ನೋ ಮನುಷ್ಯರನ್ನೋ ನೋಡಿದವು. ಜೊತೆಗಿದ್ದವರು ಖುಷಿಯಾಗಿದ್ದರೆ ವಸ್ತುವಿನ ಹತ್ತಿರ ಹೋದವು. ಮರಿ ಹಾಗೆ ತಿರುಗಿ ನೋಡುವುದು ಒಂದು ಕ್ಷಣ ಮಾತ್ರ. ಆ ಕ್ಷಣದಲ್ಲಿ ನಾವು "ಅಯ್ಯೋ, ಹಿಡೀರಿ ಹಿಡೀರಿ!" ಎಂದು ಹೌಹಾರಿದರೆ ಟ್ರ್ಯಾಕ್ಟರು ಜೀವಮಾನವಿಡೀ ದೆವ್ವವಾಗಿ ಉಳಿಯುತ್ತದೆ. ಮನೆಗೆ ಮರಿ ತಂದವರು ಕೆಂಗುರಿಯಿಂದ ಕಲಿಯಬೇಕಾದದ್ದು ಇಷ್ಟೇ: ಮರಿ ತಿರುಗಿ ನೋಡಿದಾಗ ಸುಮ್ಮನೆ ಮೆಲುಕು ಹಾಕುತ್ತ ಕೂತಿರಬೇಕು.